ಶಿರೂರಿನ ಗುಡ್ಡ, ಜುಲೈ ಮಳೆ ಮತ್ತು ಬಿ3: ಇಂಟರಾಕ್ಷನ್ ಟರ್ಮ್ ಓದೋದು ಹೇಗೆ?

ರಿಗ್ರೆಷನ್ ಅಂದ ಕೂಡಲೇ ನಮಗೆ ನೆನಪಾಗೋದು ಮ್ಯಾಥ್ಸ್ ಪೇಪರ್. ಒಂದು ಎಕ್ಸ್, ಒಂದು ವೈ, ನಡುವೆ ಒಂದು ಗೆರೆ. ಫಾರ್ಮುಲಾ ಗೊತ್ತಿದ್ದರೆ ಮಾರ್ಕ್ಸ್ ಗ್ಯಾರಂಟಿ. ಆದರೆ ಮಿನಿ ಪ್ರಾಜೆಕ್ಟ್‌ಗೆ ಅಂತ ನಿಜವಾದ ಡೇಟಾ ತಗೊಂಡು ಕೂತರೆ ಎಕ್ಸ್ ಒಂದೇ ಇರಲ್ಲ. ಎರಡು ಮೂರು ಇರುತ್ತವೆ, ಒಂದರ ಕೆಲಸದಲ್ಲಿ ಇನ್ನೊಂದು ಕೈ ಹಾಕುತ್ತಾ ಇರುತ್ತದೆ. ಆಗ ಬರುವುದೇ ಇಂಟರಾಕ್ಷನ್ ಟರ್ಮ್, ಅಂದರೆ ಎರಡು ಎಕ್ಸ್‌ಗಳ ಗುಣಲಬ್ಧ. ಕೋಡ್‌ನಲ್ಲಿ ಅದನ್ನು ಸೇರಿಸೋಕೆ ಒಂದು ನಕ್ಷತ್ರ ಚಿಹ್ನೆ ಸಾಕು. ಬಂದ ಔಟ್‌ಪುಟ್ ಓದೋದು ಅಷ್ಟು ಸುಲಭ ಅಲ್ಲ. ಈ ಲೇಖನ ಆ ಓದಿನ ಬಗ್ಗೆ.

ಉದಾಹರಣೆಗೆ ದೂರ ಹೋಗೋದು ಬೇಡ. 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ಅಲ್ಲಿದ್ದ ಜನ, ನಿಂತಿದ್ದ ವಾಹನಗಳು ಎಲ್ಲ ಮಣ್ಣಿನ ಜೊತೆ ಗಂಗಾವಳಿ ನದಿಯ ಕಡೆಗೆ ಹೋದವು. ಕೇರಳದ ಲಾರಿಯೊಂದನ್ನು ನದಿಯಿಂದ ಮೇಲಕ್ಕೆ ಎತ್ತಿದ್ದು ಸೆಪ್ಟೆಂಬರ್‌ನಲ್ಲಿ, ಎರಡು ತಿಂಗಳು ಕಳೆದ ಮೇಲೆ.

ಆವತ್ತಿನಿಂದ ಕಾರವಾರ, ಅಂಕೋಲಾ ಕಡೆ ಬಸ್ ಸ್ಟ್ಯಾಂಡ್‌ನಲ್ಲಿ ನಿಂತರೂ ಎರಡು ಮಾತು ಕೇಳಿಸುತ್ತೆ. ಒಬ್ಬರು "ಅಷ್ಟು ಮಳೆ ಬಂದ್ರೆ ಯಾವ ಗುಡ್ಡ ನಿಲ್ತದೆ ಮಾರಾಯ್ರೆ?" ಅಂತಾರೆ. ಇನ್ನೊಬ್ಬರು "ಮಳೆ ನಮ್ಮಜ್ಜನ ಕಾಲದಲ್ಲೂ ಬರ್ತಿತ್ತು, ರಸ್ತೆಗೆ ಅಂತ ಗುಡ್ಡ ಕಡಿದದ್ದೇ ಕಾರಣ" ಅಂತಾರೆ. ಕೊನೆಗೆ ಯಾರೋ ಕೇಳ್ತಾರೆ: ಸರಿ, ಮಳೆಯದ್ದು ಎಷ್ಟು ಪರ್ಸೆಂಟ್, ಕಡಿದದ್ದು ಎಷ್ಟು ಪರ್ಸೆಂಟ್?

ಈ ಪ್ರಶ್ನೆಗೆ ಉತ್ತರ ಇಲ್ಲ. ಡೇಟಾ ಕಡಿಮೆ ಅಂತಲ್ಲ, ಎಷ್ಟು ಡೇಟಾ ಕೊಟ್ಟರೂ ಇಲ್ಲ. ಯಾಕೆ ಅಂತ ನಾಲ್ಕು ಸಂಖ್ಯೆಗಳಲ್ಲಿ ನೋಡೋಣ.

ನಾಲ್ಕು ಗುಡ್ಡ, ನಾಲ್ಕು ಸಂಖ್ಯೆ

ಒಂದು ಮಾತು ಮೊದಲೇ ಹೇಳಿಬಿಡ್ತೇನೆ. ಇಲ್ಲಿಂದ ಮುಂದೆ ಬರುವ ಅಂಕಿಗಳು ಶಿರೂರಿನಲ್ಲಿ ಅಳೆದವಲ್ಲ. ಲೆಕ್ಕ ಕಲಿಯೋಕೆ ಅಂತ ನಾನೇ ಇಟ್ಟುಕೊಂಡವು.

ಗುಡ್ಡದ ಮೇಲೆ ಒಂದು ಗೂಟ ಹೊಡೆದು, ಅದು ದಿನಕ್ಕೆ ಎಷ್ಟು ಮಿಲಿಮೀಟರ್ ಕೆಳಗೆ ಜರುಗುತ್ತೆ ಅಂತ ಅಳೆಯುತ್ತೇವೆ ಅಂದುಕೊಳ್ಳಿ.

ಕಡಿಯದ ಗುಡ್ಡ, ಸಣ್ಣ ಮಳೆ: 1 ಮಿ.ಮೀ.
ಕಡಿಯದ ಗುಡ್ಡ, ಜೋರು ಮಳೆ: 3 ಮಿ.ಮೀ.
ಕಡಿದ ಗುಡ್ಡ, ಸಣ್ಣ ಮಳೆ: 2 ಮಿ.ಮೀ.
ಕಡಿದ ಗುಡ್ಡ, ಜೋರು ಮಳೆ: 12 ಮಿ.ಮೀ.

ಜೋರು ಮಳೆ ಒಂದೇ ಬಂದರೆ 2 ಹೆಚ್ಚಾಯ್ತು. ಕಡಿದದ್ದು ಒಂದೇ ಆದರೆ 1 ಹೆಚ್ಚಾಯ್ತು. ಎರಡೂ ಬರೀ ಕೂಡಿಕೊಳ್ಳುವುದಾಗಿದ್ದರೆ ಕೊನೆಯ ಸಾಲಿನಲ್ಲಿ 1 + 2 + 1 = 4 ಇರಬೇಕಿತ್ತು. ಇರುವುದು 12. ಆ ಹೆಚ್ಚಿನ 8 ಇದೆಯಲ್ಲ, ಅದೇ ಇಂಟರಾಕ್ಷನ್. ಮಳೆಗೆ 0 ಅಥವಾ 1, ಕಡಿತಕ್ಕೆ 0 ಅಥವಾ 1 ಅಂತ ಕೋಡ್ ಮಾಡಿ ರಿಗ್ರೆಷನ್ ಓಡಿಸಿದರೆ ಸಾಫ್ಟ್‌ವೇರ್ ಹೀಗೆ ಹೇಳುತ್ತೆ:

ಚಲನೆ = 1 + 2 × ಮಳೆ + 1 × ಕಡಿತ + 8 × ಮಳೆ × ಕಡಿತ

ಇಲ್ಲಿ ಬಿ0 = 1, ಬಿ1 = 2, ಬಿ2 = 1, ಬಿ3 = 8. ಬಿ3 ಅಂದರೆ ವ್ಯತ್ಯಾಸಗಳ ವ್ಯತ್ಯಾಸ. ಕಡಿದ ಗುಡ್ಡದಲ್ಲಿ ಮಳೆಯ ಪರಿಣಾಮ 12 − 2 = 10, ಕಡಿಯದ ಗುಡ್ಡದಲ್ಲಿ 3 − 1 = 2, ಎರಡರ ಅಂತರ 8. ತಿರುಗಿಸಿ ನೋಡಿದರೂ ಅಷ್ಟೇ. ಜೋರು ಮಳೆಯಲ್ಲಿ ಕಡಿತದ ಪರಿಣಾಮ 12 − 3 = 9, ಸಣ್ಣ ಮಳೆಯಲ್ಲಿ 2 − 1 = 1, ಅಂತರ ಮತ್ತೆ 8.

ಈಗ ಬಸ್ ಸ್ಟ್ಯಾಂಡ್ ಜಗಳಕ್ಕೆ ಬರೋಣ. 1ರಿಂದ 12ಕ್ಕೆ ಹೋದದ್ದು ಒಟ್ಟು 11. ಮಳೆಯ ಪಕ್ಷದವರು ಹೇಳ್ತಾರೆ, "ಅದೇ ಕಡಿದ ಗುಡ್ಡದಲ್ಲಿ ಜೋರು ಮಳೆ ಇಲ್ಲದಿದ್ರೆ 2 ಇರ್ತಿತ್ತು, ಹಾಗಾಗಿ 11ರಲ್ಲಿ 10 ಮಳೆಯದ್ದು." ಲೆಕ್ಕ ಸರಿ. ಕಡಿತದ ಪಕ್ಷದವರು ಹೇಳ್ತಾರೆ, "ಅದೇ ಮಳೆಯಲ್ಲಿ ಗುಡ್ಡ ಕಡಿಯದೆ ಇದ್ದಿದ್ರೆ 3 ಇರ್ತಿತ್ತು, ಹಾಗಾಗಿ 11ರಲ್ಲಿ 9 ಕಡಿತದ್ದು." ಇದೂ ಸರಿ. ಆದರೆ 10 + 9 = 19. ಇದ್ದದ್ದೇ 11!

ಯಾರೂ ಸುಳ್ಳು ಹೇಳ್ತಾ ಇಲ್ಲ. ಆ 8ನ್ನು ಇಬ್ಬರೂ ತಮ್ಮ ತಮ್ಮ ಖಾತೆಗೆ ಬರೆದುಕೊಂಡಿದ್ದಾರೆ ಅಷ್ಟೇ. ಗುಣಲಬ್ಧದ ಪಾಲು ಇಬ್ಬರದ್ದೂ ಹೌದು, ಒಬ್ಬರದ್ದೇ ಅಲ್ಲ. ಒಂದು ಗದ್ದೆಯ ವಿಸ್ತೀರ್ಣದಲ್ಲಿ ಉದ್ದದ್ದು ಎಷ್ಟು ಪರ್ಸೆಂಟ್, ಅಗಲದ್ದು ಎಷ್ಟು ಪರ್ಸೆಂಟ್ ಅಂತ ಕೇಳಿದ ಹಾಗೆ. ಹಾಗಾಗಿ ಇಂಟರಾಕ್ಷನ್ ಇದ್ದಲ್ಲಿ "ಇದರ ಪರಿಣಾಮ ಎಷ್ಟು?" ಅಂತ ಕೇಳಬಾರದು. "ಇನ್ನೊಂದು ಎಲ್ಲಿದ್ದಾಗ, ಇದರ ಪರಿಣಾಮ ಎಷ್ಟು?" ಅಂತ ಕೇಳಬೇಕು.

ಯಾಕೆ ಇಲ್ಲಿ ಗುಣಾಕಾರ?

ಸುಮ್ಮನೆ ಗುಣಲಬ್ಧ ಹಾಕಿ ನೋಡೋದಕ್ಕಿಂತ, ಅದು ಬರಲು ಕಾರಣ ಇದೆಯಾ ಅಂತ ಮೊದಲು ಯೋಚಿಸಬೇಕು. ನಮ್ಮ ಕರಾವಳಿಯ ಗುಡ್ಡಗಳಲ್ಲಿ ಇದೆ. ಮೇಲೆ ಗಟ್ಟಿ ಚಿರೆಕಲ್ಲು, ಅದರ ಕೆಳಗೆ ಬಹಳ ಕಡೆ ಮೆತ್ತನೆಯ ಶೇಡಿ ಮಣ್ಣು. ಒಣಗಿದ್ದಾಗ ಶೇಡಿ ಮಣ್ಣು ಧರೆಯಾಗಿ ನೆಟ್ಟಗೆ ನಿಲ್ಲುತ್ತೆ. ನೀರು ಕುಡಿದರೆ ಬಲ ಕಳೆದುಕೊಳ್ಳುತ್ತೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿ.ಮೀ. ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆ ನೀರು ಮಣ್ಣಿನ ಸಂದಿಯಲ್ಲಿ ತುಂಬಿ ಒಳಗಿನಿಂದ ತಳ್ಳುತ್ತೆ. ಇದಕ್ಕೆ ಪೋರ್ ವಾಟರ್ ಪ್ರೆಶರ್ ಅಂತಾರೆ. ಗುಡ್ಡದ ಬುಡ ಕಡಿದರೆ ಮೇಲಿನ ಮಣ್ಣಿಗೆ ಆಸರೆ ಹೋಗುತ್ತೆ, ಇಳಿಜಾರೂ ಹೆಚ್ಚಾಗುತ್ತೆ. ಒಂದು ಹಿಡಿತ ಕಡಿಮೆ ಮಾಡುತ್ತೆ, ಇನ್ನೊಂದು ಎಳೆತ ಜಾಸ್ತಿ ಮಾಡುತ್ತೆ. ಎರಡೂ ಒಂದೇ ಗುಡ್ಡದ ಮೇಲೆ ಒಟ್ಟಿಗೆ ಬಂದಾಗ ಬರೀ ಕೂಡುವ ಲೆಕ್ಕ ಸಾಕಾಗಲ್ಲ.

ಹಾಗಂತ ಬಿ1 ಸೊನ್ನೆ ಅಂತಲೂ ಅಲ್ಲ. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಭೂಕುಸಿತ ಆಯ್ತು. ಅದು ಹೆದ್ದಾರಿ ಅಗಲ ಮಾಡುತ್ತಿದ್ದ ಊರಲ್ಲ. ಮಳೆಗೆ ತನ್ನದೇ ಶಕ್ತಿ ಇದೆ. ಆ ಶಕ್ತಿ ಎಲ್ಲ ಕಡೆ ಒಂದೇ ಅಳತೆಯದ್ದಲ್ಲ ಅನ್ನೋದು ಬಿ3 ಹೇಳುವ ಮಾತು.

ಮೈನಸ್ ಚಿಹ್ನೆ ನೋಡಿ ಗಾಬರಿ ಬೇಡ

ಈಗ 0 ಮತ್ತು 1 ಬಿಟ್ಟು ನಿಜವಾದ ಅಳತೆ ತಗೊಳ್ಳೋಣ. ಮಳೆ ಸೆಂಟಿಮೀಟರ್‌ನಲ್ಲಿ, ಇಳಿಜಾರು ಡಿಗ್ರಿಯಲ್ಲಿ. ನಮ್ಮ ಡೇಟಾದಲ್ಲಿ ಇಳಿಜಾರು 20ರಿಂದ 60 ಡಿಗ್ರಿ ತನಕ ಇದೆ ಅಂದುಕೊಳ್ಳಿ. ಸಾಫ್ಟ್‌ವೇರ್ ಕೊಟ್ಟ ಸಮೀಕರಣ:

ಚಲನೆ = −0.5 − 0.5 × ಮಳೆ + 0.05 × ಇಳಿಜಾರು + 0.04 × ಮಳೆ × ಇಳಿಜಾರು

ಮಳೆಯ ಮುಂದೆ ಮೈನಸ್ 0.5 ಇದೆ. ಅಂದರೆ ಮಳೆ ಬಂದರೆ ಗುಡ್ಡ ಗಟ್ಟಿಯಾಗುತ್ತಾ? ವೈವಾದಲ್ಲಿ ಈ ಪ್ರಶ್ನೆ ಬಂದರೆ ಏನು ಹೇಳಬೇಕು?

ಮಳೆ ಇರುವ ಪದಗಳನ್ನೆಲ್ಲ ಒಟ್ಟು ಮಾಡಿ. ಮಳೆ 1 ಸೆಂ.ಮೀ. ಹೆಚ್ಚಾದರೆ ಚಲನೆ ಬದಲಾಗೋದು (−0.5 + 0.04 × ಇಳಿಜಾರು) ಇಷ್ಟು. ಹಾಗಾಗಿ ಆ −0.5 ಅನ್ನೋದು ಇಳಿಜಾರು 0 ಡಿಗ್ರಿ ಇದ್ದಾಗಿನ ಮಳೆಯ ಪರಿಣಾಮ. ನಮ್ಮ ಡೇಟಾದಲ್ಲಿ 0 ಡಿಗ್ರಿಯ ಗುಡ್ಡವೇ ಇಲ್ಲ, ಅದು ಮೈದಾನ! ಇಲ್ಲದ ಜಾಗದ ಬಗ್ಗೆ ಗೆರೆ ಎಳೆದು ಹೇಳಿದ ಮಾತು ಅದು. ಡೇಟಾ ಇರುವಲ್ಲಿ ನೋಡಿ:

20 ಡಿಗ್ರಿಯಲ್ಲಿ ಮಳೆಯ ಪರಿಣಾಮ: −0.5 + 0.8 = 0.3
35 ಡಿಗ್ರಿಯಲ್ಲಿ: −0.5 + 1.4 = 0.9
60 ಡಿಗ್ರಿಯಲ್ಲಿ: −0.5 + 2.4 = 1.9

ಎಲ್ಲ ಕಡೆ ಪ್ಲಸ್. ಒಂದೇ ಮಳೆ 60 ಡಿಗ್ರಿಯಲ್ಲಿ 20 ಡಿಗ್ರಿಗಿಂತ ಆರು ಪಟ್ಟಿಗೂ ಹೆಚ್ಚು ಕೆಲಸ ಮಾಡ್ತಾ ಇದೆ.

ಇದನ್ನು ಔಟ್‌ಪುಟ್‌ನಲ್ಲೇ ಕಾಣುವ ಹಾಗೆ ಮಾಡೋಕೆ ಸೆಂಟರಿಂಗ್ ಅನ್ನೋ ಉಪಾಯ ಇದೆ. ಇಳಿಜಾರಿನ ಬದಲು (ಇಳಿಜಾರು − 35) ಹಾಕಿ ಮತ್ತೆ ಓಡಿಸಿ:

ಚಲನೆ = 1.25 + 0.9 × ಮಳೆ + 0.05 × (ಇಳಿಜಾರು − 35) + 0.04 × ಮಳೆ × (ಇಳಿಜಾರು − 35)

ಬಿ1 ಮೈನಸ್ 0.5ರಿಂದ ಪ್ಲಸ್ 0.9 ಆಯ್ತು. ಬಿ3 ಮಾತ್ರ ಅಲ್ಲಾಡಲಿಲ್ಲ, 0.04 ಹಾಗೇ ಇದೆ. ಯಾವ ಗುಡ್ಡಕ್ಕೆ ಲೆಕ್ಕ ಹಾಕಿದರೂ ಎರಡೂ ಸಮೀಕರಣ ಕೊಡುವ ಉತ್ತರ ಒಂದೇ. ಮಾಡೆಲ್ ಬದಲಾಗಿಲ್ಲ, ನಾವು ನಿಂತು ನೋಡುವ ಜಾಗ ಬದಲಾಯ್ತು. ಇಳಿಜಾರಿನ 0.05 ಕೂಡ ಬದಲಾಗಲಿಲ್ಲ ಗಮನಿಸಿ. ಅದು ಮಳೆ 0 ಇದ್ದಾಗಿನ ಇಳಿಜಾರಿನ ಪರಿಣಾಮ, ಮಳೆಯನ್ನು ನಾವು ಸೆಂಟರ್ ಮಾಡಿಲ್ಲ. ಮಳೆಯಿಂದಲೂ 10 ಕಳೆದಿದ್ದರೆ ಅದು 0.05 + 0.4 = 0.45 ಆಗುತ್ತಿತ್ತು.

ಪಿ-ವ್ಯಾಲ್ಯೂ ನೋಡಿ ಮಳೆಯನ್ನು ಡಿಲೀಟ್ ಮಾಡಬೇಡಿ

ಇನ್ನೊಂದು ಅಪಾಯ ಇದೆ. ಮೊದಲ ಸಮೀಕರಣದಲ್ಲಿ ಬಿ1 = −0.5, ಅದರ ಸ್ಟ್ಯಾಂಡರ್ಡ್ ಎರರ್ 0.3 ಅಂತ ಬಂತು ಅಂದುಕೊಳ್ಳಿ. ಭಾಗಿಸಿದರೆ −1.67. ಪಿ-ವ್ಯಾಲ್ಯೂ 0.05ಕ್ಕಿಂತ ಮೇಲೆ, ನಕ್ಷತ್ರ ಬರಲ್ಲ. "ಮಳೆ ಸಿಗ್ನಿಫಿಕೆಂಟ್ ಅಲ್ಲ" ಅಂತ ಅದನ್ನು ಮಾಡೆಲ್‌ನಿಂದ ತೆಗೆದು ಗುಣಲಬ್ಧ ಮಾತ್ರ ಇಟ್ಟರೆ? ಮೈದಾನದಲ್ಲಿ ಮಳೆಯ ಪರಿಣಾಮ ಸರಿಯಾಗಿ ಸೊನ್ನೆ ಅಂತ ಬಲವಂತವಾಗಿ ಹೇಳಿದ ಹಾಗಾಯ್ತು. ಅದರ ಭಾರಕ್ಕೆ ಬಿ3 ಕೂಡ ವಾಲುತ್ತೆ.

35 ಡಿಗ್ರಿಯ ಗುಡ್ಡದಲ್ಲಿ ಮಳೆಯ ಪರಿಣಾಮ ನಂಬಬಹುದಾ ಅಂತ ತಿಳಿಯೋಕೆ ಅಲ್ಲಿನ ಸ್ಟ್ಯಾಂಡರ್ಡ್ ಎರರ್ ಬೇಕು. ಅದಕ್ಕೆ ಸೂತ್ರ ಹೀಗಿದೆ: ಬಿ1ರ ವೇರಿಯನ್ಸ್, ಜೊತೆಗೆ ಇಳಿಜಾರಿನ ವರ್ಗ × ಬಿ3ರ ವೇರಿಯನ್ಸ್, ಜೊತೆಗೆ 2 × ಇಳಿಜಾರು × ಅವೆರಡರ ಕೋವೇರಿಯನ್ಸ್. ಬಿ1ರ ವೇರಿಯನ್ಸ್ 0.09, ಬಿ3ರದ್ದು 0.0001, ಕೋವೇರಿಯನ್ಸ್ −0.0028 ಇದ್ದರೆ:

0.09 + 0.1225 − 0.196 = 0.0165

ವರ್ಗಮೂಲ ಸುಮಾರು 0.13. ಪರಿಣಾಮ 0.9. ಭಾಗಿಸಿದರೆ 7! ಮೈದಾನದಲ್ಲಿ ಏನೂ ಅಲ್ಲ ಅನಿಸಿದ ಮಳೆ, ಗುಡ್ಡ ಇರುವ ಕಡೆ ಸಂಶಯವೇ ಇಲ್ಲದ ಹಾಗೆ ಕಾಣುತ್ತೆ. ಕೋವೇರಿಯನ್ಸ್ ಔಟ್‌ಪುಟ್ ಟೇಬಲ್‌ನಲ್ಲಿ ಸಾಮಾನ್ಯವಾಗಿ ಕಾಣಲ್ಲ, ಸಾಫ್ಟ್‌ವೇರ್‌ಗೆ ಬೇರೆಯಾಗಿ ಕೇಳಬೇಕು. ಕಷ್ಟ ಅನಿಸಿದರೆ 35ರಲ್ಲಿ ಸೆಂಟರ್ ಮಾಡಿ ಓಡಿಸಿ. ಬಿ1ರ ಪಕ್ಕದಲ್ಲೇ ಅದೇ 0.13 ಬರುತ್ತೆ.

ಯಾವ ಅಳತೆಯಲ್ಲಿ ಇಂಟರಾಕ್ಷನ್?

ಇದು ನನಗೆ ತುಂಬಾ ಆಶ್ಚರ್ಯ ಕೊಟ್ಟ ಭಾಗ. ಸಿವಿಲ್‌ನವರಿಗೆ ಫ್ಯಾಕ್ಟರ್ ಆಫ್ ಸೇಫ್ಟಿ ಗೊತ್ತು: ಹಿಡಿದಿಡುವ ಬಲವನ್ನು ಎಳೆಯುವ ಬಲದಿಂದ ಭಾಗಿಸಿದರೆ ಬರುವ ಸಂಖ್ಯೆ. 1ಕ್ಕಿಂತ ಕಡಿಮೆ ಆದರೆ ಕುಸಿತ. ಉದ್ದಕ್ಕೆ ಒಂದೇ ಸಮ ಇರುವ ಇಳಿಜಾರಿಗೆ ಪಠ್ಯದಲ್ಲಿ ಇನ್ಫಿನಿಟ್ ಸ್ಲೋಪ್ ಸೂತ್ರ ಇದೆ. 3 ಮೀಟರ್ ದಪ್ಪದ ಮಣ್ಣು, ಕೊಹೆಷನ್ 10 ಕಿಲೋಪ್ಯಾಸ್ಕಲ್, ಫ್ರಿಕ್ಷನ್ ಆ್ಯಂಗಲ್ 30 ಡಿಗ್ರಿ, ಮಣ್ಣಿನ ತೂಕ ಘನ ಮೀಟರಿಗೆ 20 ಕಿಲೋನ್ಯೂಟನ್ ಅಂತ ಇಟ್ಟುಕೊಂಡು ಲೆಕ್ಕ ಹಾಕಿದೆ. ಒಣಗಿದ್ದಾಗ ಒಂದು, ನೀರು ಮೇಲಿನ ತನಕ ತುಂಬಿದಾಗ ಇನ್ನೊಂದು.

20 ಡಿಗ್ರಿ ಇಳಿಜಾರು: ಒಣಗಿದ್ದಾಗ 2.10, ನೀರು ತುಂಬಿದಾಗ 1.33. ಇಳಿದದ್ದು ಸುಮಾರು 0.8.
35 ಡಿಗ್ರಿ ಇಳಿಜಾರು: ಒಣಗಿದ್ದಾಗ 1.18, ನೀರು ತುಂಬಿದಾಗ 0.77. ಇಳಿದದ್ದು ಸುಮಾರು 0.4.

ಫ್ಯಾಕ್ಟರ್ ಆಫ್ ಸೇಫ್ಟಿಯನ್ನೇ ವೈ ಅಂತ ಇಟ್ಟು ರಿಗ್ರೆಷನ್ ಮಾಡಿದರೆ, ಕಡಿದಾದ ಗುಡ್ಡದಲ್ಲಿ ನೀರಿನ ಪರಿಣಾಮ ಅರ್ಧ ಮಾತ್ರ ಅಂತ ಬರುತ್ತೆ. ಬಿ3ರ ಚಿಹ್ನೆ ನೋಡಿ ಯಾರಾದರೂ "ಇಳಿಜಾರು ಹೆಚ್ಚಾದಷ್ಟೂ ಮಳೆಯಿಂದ ರಕ್ಷಣೆ" ಅಂತ ರಿಪೋರ್ಟ್ ಬರೆದರೆ? ಲೆಕ್ಕ ತಪ್ಪಿಲ್ಲ, ಓದು ತಪ್ಪು. 20 ಡಿಗ್ರಿಯ ಗುಡ್ಡ 0.8 ಕಳೆದುಕೊಂಡೂ ನಿಂತಿದೆ. 35 ಡಿಗ್ರಿಯದ್ದು 0.4 ಕಳೆದುಕೊಂಡು ಬಿದ್ದಿದೆ. ಬಿತ್ತಾ ಇಲ್ಲವಾ ಅನ್ನೋದನ್ನು ವೈ ಅಂತ ಇಟ್ಟರೆ ಮೊದಲನೆಯದರಲ್ಲಿ ಮಳೆಯ ಪರಿಣಾಮ 0, ಎರಡನೆಯದರಲ್ಲಿ 1. ಇಂಟರಾಕ್ಷನ್ ಪೂರ್ತಿ ತಿರುಗಿತು. (ರಸ್ತೆಗೆ ಅಂತ ನೆಟ್ಟಗೆ ಕಡಿದ ಧರೆಗೆ ಈ ಸೂತ್ರ ಹೊಂದಲ್ಲ, ಅದರ ಲೆಕ್ಕ ಬೇರೆ. ಇದು ಸಹಜ ಇಳಿಜಾರಿಗೆ.)

ಲಾಜಿಸ್ಟಿಕ್ ರಿಗ್ರೆಷನ್ ಬಳಸುವವರಿಗೂ ಇದೇ ಎಚ್ಚರಿಕೆ. ಅಲ್ಲಿ ಗುಣಾಂಕಗಳು ಲಾಗ್-ಆಡ್ಸ್ ಅಳತೆಯಲ್ಲಿ ಇರುತ್ತವೆ. ಜೋರು ಮಳೆ ಲಾಗ್-ಆಡ್ಸ್‌ಗೆ 2 ಸೇರಿಸುತ್ತೆ, ಗುಣಲಬ್ಧದ ಪದ ಇಲ್ಲವೇ ಇಲ್ಲ ಅಂದುಕೊಳ್ಳಿ. ಗಟ್ಟಿ ಗುಡ್ಡ −6ರಿಂದ −4ಕ್ಕೆ ಬಂತು: ಕುಸಿಯುವ ಸಾಧ್ಯತೆ ಶೇ. 0.25ರಿಂದ ಶೇ. 1.8 ಆಯ್ತು. ಸಡಿಲ ಗುಡ್ಡ −2ರಿಂದ 0ಗೆ ಬಂತು: ಶೇ. 12ರಿಂದ ಶೇ. 50 ಆಯ್ತು. ಬಿ3 ಸೊನ್ನೆ ಇದ್ದರೂ ಊರಿನವರ ಪಾಲಿಗೆ ಎರಡೂ ಒಂದೇ ಅಲ್ಲ. ಹಾಗಾಗಿ "ಇಂಟರಾಕ್ಷನ್ ಇದೆ" ಅಥವಾ "ಇಲ್ಲ" ಅನ್ನೋ ಮಾತಿನ ಜೊತೆ ಯಾವ ಅಳತೆಯಲ್ಲಿ ಅನ್ನೋದನ್ನೂ ಹೇಳಲೇಬೇಕು. ಸಾಧ್ಯತೆಯನ್ನೇ ಲೆಕ್ಕ ಹಾಕಿ ಎರಡು ಗೆರೆಗಳ ಗ್ರಾಫ್ ಕೊಟ್ಟರೆ ಎಲ್ಲರಿಗೂ ಅರ್ಥ ಆಗುತ್ತೆ.

ನಾಲ್ಕೂ ಮೂಲೆಯಲ್ಲಿ ಡೇಟಾ ಇದೆಯಾ?

ನಮ್ಮ ಜಿಲ್ಲೆಯ ಡೇಟಾ ಒಟ್ಟು ಮಾಡ್ತೀರಿ ಅಂದುಕೊಳ್ಳಿ. ಕಾರವಾರ, ಅಂಕೋಲಾ ಕಡೆ ಗುಡ್ಡ ಕಡಿದ ಹೆದ್ದಾರಿಯೂ ಇದೆ, ಜೋರು ಮಳೆಯೂ ಇದೆ. ಘಟ್ಟದ ಮೇಲೆ ಪೂರ್ವಕ್ಕೆ ಹಳಿಯಾಳ, ಮುಂಡಗೋಡ ಕಡೆ ಹೋದರೆ ಅಷ್ಟು ಮಳೆಯೂ ಇಲ್ಲ, ಅಂಥ ಎತ್ತರದ ಧರೆಯೂ ಇಲ್ಲ. ಬರೀ ಈ ಎರಡು ಜಾಗದ ಡೇಟಾ ಹಾಕಿದರೆ ನಮ್ಮ ನಾಲ್ಕು ಸಾಲಿನಲ್ಲಿ ಮೊದಲನೆಯದು ಮತ್ತು ಕೊನೆಯದು ಮಾತ್ರ ತುಂಬುತ್ತೆ. 1 ಗೊತ್ತು, 12 ಗೊತ್ತು, ನಡುವಿನ 3 ಮತ್ತು 2 ಗೊತ್ತಿಲ್ಲ. ಆ 11 ಮಳೆಯದ್ದಾ, ಕಡಿತದ್ದಾ, ಗುಣಲಬ್ಧದ್ದಾ ಅಂತ ಬಿಡಿಸೋಕೆ ದಾರಿಯೇ ಇಲ್ಲ. ಸಾಫ್ಟ್‌ವೇರ್ ಅಲ್ಲಿ ಇಲ್ಲಿ ಚೂರು ಡೇಟಾ ಸಿಕ್ಕರೂ ಒಂದು ಸಂಖ್ಯೆ ಕೊಟ್ಟುಬಿಡುತ್ತೆ, ಅದೇ ಅಪಾಯ.

ಇಂಟರಾಕ್ಷನ್ ಅಳೆಯಬೇಕಾದರೆ ಬಿದ್ದ ಗುಡ್ಡಗಳ ಹತ್ತಿರ ಮಾತ್ರ ಹೋದರೆ ಸಾಲದು. ಅದೇ ಮಳೆಯಲ್ಲಿ ಅದೇ ತಾಲೂಕಿನಲ್ಲಿ ಬೀಳದೆ ನಿಂತ ಗುಡ್ಡ, ಕಡಿದಿದ್ದರೂ ಮಳೆ ಕಡಿಮೆ ಇದ್ದ ವಾರದಲ್ಲಿ ಸುಮ್ಮನಿದ್ದ ಧರೆ, ಇವುಗಳ ಲೆಕ್ಕವೂ ಬೇಕು. ಸುದ್ದಿಯಾಗದ ಗುಡ್ಡಗಳಿಂದಲೇ ಬಿ3 ಸಿಗೋದು.

ಹಾಗಾದರೆ ಯಾವ ಕಡೆಯಿಂದ ಓದಬೇಕು?

ಮೊದಲೇ ನೋಡಿದ ಹಾಗೆ 8 ಎರಡೂ ಕಡೆಯಿಂದ 8. ಗಣಿತಕ್ಕೆ ಮಳೆ ಮತ್ತು ಕಡಿತದ ನಡುವೆ ಭೇದ ಇಲ್ಲ. ಭೇದ ಇರೋದು ನಮಗೆ. ಜುಲೈ ಮಳೆಯನ್ನು ನಾವು ಕಡಿಮೆ ಮಾಡೋಕಾಗಲ್ಲ. ಇಳಿಜಾರನ್ನು ಮೆಟ್ಟಿಲಿನ ಹಾಗೆ ಹಂತ ಹಂತವಾಗಿ ಕಡಿಯಬಹುದು, ನೀರು ಹರಿದು ಹೋಗೋಕೆ ಚರಂಡಿ ಮಾಡಬಹುದು, ತಡೆಗೋಡೆ ಕಟ್ಟಬಹುದು, ಮಳೆ ಹೆಚ್ಚಾದ ದಿನ ಗುಡ್ಡದ ಬುಡದಲ್ಲಿ ವಾಹನ ನಿಲ್ಲದ ಹಾಗೆ ನೋಡಿಕೊಳ್ಳಬಹುದು. ಆದ್ದರಿಂದ ಎಂಜಿನಿಯರ್ ಓದಬೇಕಾದ ವಾಕ್ಯ ಇದು: ನಾವು ಗುಡ್ಡವನ್ನು ಯಾವ ಸ್ಥಿತಿಯಲ್ಲಿ ಬಿಟ್ಟಿದ್ದೇವೆ ಅನ್ನೋದರ ಮೇಲೆ, ಬರುವ ಮಳೆ 2 ಮಿ.ಮೀ. ಮಾಡುತ್ತಾ 10 ಮಿ.ಮೀ. ಮಾಡುತ್ತಾ ಅನ್ನೋದು ನಿರ್ಧಾರ ಆಗುತ್ತೆ. "ಮಳೆಯೇ ಕಾರಣ" ಅನ್ನೋದು ಈ ಲೆಕ್ಕದಲ್ಲಿ ಸುಳ್ಳಲ್ಲ, ಆದರೆ ಅದರಿಂದ ನಮಗೆ ಮಾಡೋಕೆ ಏನೂ ಕೆಲಸ ಸಿಗಲ್ಲ.

ನೀವೇ ಮಾಡಿ ನೋಡಿ

ಮೇಲಿನ ಡಿಗ್ರಿ ಸಮೀಕರಣ ತಗೊಂಡು ಮೂರು ಪ್ರಶ್ನೆ. ಒಂದು, 45 ಡಿಗ್ರಿಯ ಗುಡ್ಡದಲ್ಲಿ 1 ಸೆಂ.ಮೀ. ಹೆಚ್ಚಿನ ಮಳೆಯ ಪರಿಣಾಮ ಎಷ್ಟು? ಎರಡು, 20 ಸೆಂ.ಮೀ. ಮಳೆ ಬಂದ ದಿನ ಇಳಿಜಾರು 1 ಡಿಗ್ರಿ ಹೆಚ್ಚಾಗಿದ್ದರೆ ಎಷ್ಟು ವ್ಯತ್ಯಾಸ? ಮೂರು, ಇಳಿಜಾರನ್ನು 45ರಲ್ಲಿ ಸೆಂಟರ್ ಮಾಡಿದರೆ ಬಿ1 ಮತ್ತು ಬಿ3 ಎಷ್ಟು ಬರುತ್ತವೆ? ಕಂಪ್ಯೂಟರ್ ಬೇಡ, ಪೆನ್ನು ಪೇಪರ್ ಸಾಕು.

ಉತ್ತರ: ಮೊದಲನೆಯದು 1.3 ಮಿ.ಮೀ. ಎರಡನೆಯದು 0.85 ಮಿ.ಮೀ. ಮೂರನೆಯದಕ್ಕೆ ಬಿ1 = 1.3, ಬಿ3 = 0.04. ಮೊದಲ ಮತ್ತು ಮೂರನೇ ಉತ್ತರದಲ್ಲಿ ಅದೇ 1.3 ಯಾಕೆ ಬಂತು ಅಂತ ಪಕ್ಕದ ಬೆಂಚಿನವರಿಗೆ ವಿವರಿಸೋಕೆ ಬಂದರೆ, ನಿಮಗೆ ಇಂಟರಾಕ್ಷನ್ ಟರ್ಮ್ ಓದೋಕೆ ಬಂತು ಅಂತಲೇ ಅರ್ಥ.